ಹಿಮದ ಹಾದಿಯ ಹದಿನಾರು ವರ್ಷ

ಹಿಮವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ, ಕಾಲಿಗೆ ನೀಳವಾದ ಹಲಗೆಗಳನ್ನು ಬಿಗಿದು ಹಿಮದ ಏರುತಗ್ಗುಗಳಲ್ಲಿ ಜಾರಿ ಓಡುವ ಸ್ಕೀ ಪಂದ್ಯದಲ್ಲಿ ಅಮೆರಿಕದ ಕಿಕನ್ ರಾಂಡಲ್ ಸವೆಸಿದ ಹಾದಿ ನನ್ನ ಮನಸ್ಸಿನಲ್ಲಿ ನೆಲೆನಿಂತಿದೆ.

ಅಲಾಸ್ಕಾದ ಆಂಕರೇಜಿನಲ್ಲಿ ಬೆಳೆದ ಈಕೆ 2002ರಲ್ಲಿ ಮೊದಲ ಒಲಿಂಪಿಕ್ಸಿಗೆ ಇಳಿದಾಗ, ಈ ಕ್ರೀಡೆಯಲ್ಲಿ ಅಮೆರಿಕಕ್ಕೆ ಅದುವರೆಗೆ ದಕ್ಕಿದ್ದುದು ಒಂದೇ ಒಲಿಂಪಿಕ್ ಪದಕ: 1976ರಲ್ಲಿ ಬಿಲ್ ಕೋಕ್ ಗೆದ್ದ ಬೆಳ್ಳಿ. ವರ್ಷಗಳ ಸಾಧನೆಯಿಂದ ರಾಂಡಲ್ 2012, 2013ರಲ್ಲಿ ವಿಶ್ವಕಪ್ಪಿನ ಸ್ಪ್ರಿಂಟ್ ಕಿರೀಟ ಧರಿಸಿದಳು. 2014ರ ಸೋಚಿಯಲ್ಲಿ ಪದಕ ಈಕೆಯದೇ ಎಂದು ಹಲವರು ನಂಬಿದ್ದರು. ಕ್ವಾರ್ಟರ್ ಫೈನಲಿನಲ್ಲೇ, ಕೂದಲೆಳೆಯ ಅಂತರದಿಂದ ಹೊರಬಿದ್ದಳು. ಆದರೂ ಆ ಋತು ಮುಗಿಯುವ ವೇಳೆಗೆ ವಿಶ್ವಕಪ್ಪಿನ ಕಿರೀಟ ಮತ್ತೆ ಅವಳ ಮುಡಿಯಲ್ಲಿತ್ತು.

2016ರಲ್ಲಿ ತಾಯಿಯಾದಳು. 2018ರಲ್ಲಿ ಪ್ಯೊಂಗ್‌ಚಾಂಗಿನಲ್ಲಿ, ತನ್ನ ಐದನೆಯ ಒಲಿಂಪಿಕ್ಸಿನಲ್ಲಿ, ಜೆಸ್ಸಿ ಡಿಗಿನ್ಸಳೊಡಗೂಡಿ ತಂಡದ ಸ್ಪ್ರಿಂಟಿನಲ್ಲಿ ಸ್ವೀಡನ್ನನ್ನು 0.19 ಸೆಕೆಂಡಿನಿಂದ ಹಿಂದಿಕ್ಕಿದಳು. ಈ ಕ್ರೀಡೆಯಲ್ಲಿ ಅಮೆರಿಕದ ಮೊದಲ ಚಿನ್ನ ಅದು. ಅದೇ ವರ್ಷ ಸ್ತನ ಕ್ಯಾನ್ಸರ್ ಎರಗಿತು; ಚಿಕಿತ್ಸೆಯನ್ನೂ ಧೈರ್ಯದಿಂದ ಎದುರಿಸಿದಳು.

ಫಲಿತಾಂಶದ ದಿನ ಮುಖ ಬಾಡಿಸಿಕೊಂಡು ಬರುವ ವಿದ್ಯಾರ್ಥಿಗಳಿಗೆ ನಾನು ಪ್ಯೊಂಗ್‌ಚಾಂಗಿನ ಕಥೆಗಿಂತ ಮೊದಲು ಸೋಚಿಯ ಕಥೆಯನ್ನು ಹೇಳುತ್ತೇನೆ: ಸೋತವಳು ಅದೇ ಋತುವಿನಲ್ಲಿ ಮತ್ತೆ ಹಿಮಕ್ಕಿಳಿದ ಕಥೆಯನ್ನು.