ನೇಗಿಲಿಗೂ ಒಂದು ಭಾವಚಿತ್ರ

ಹಳೆಯ ನೇಗಿಲೋ ಉದ್ದ ಹಿಡಿಯ ಕುಡುಗೋಲೋ ಬಿಳಿ ಹಾಳೆಯ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಹೊಲವಿಲ್ಲ, ಎತ್ತು–ಕುದುರೆಗಳಿಲ್ಲ, ಉಳುವವನೂ ಇಲ್ಲ. ಆದರೆ ಕೈ ತಾಗಿ ತಾಗಿ ನುಣುಪಾದ ಹಿಡಿ, ಮೊಳೆಯ ಸುತ್ತ ಮರಕ್ಕಿಳಿದ ತುಕ್ಕು, ಬಿಸಿಲಿಗೆ ಬಿಟ್ಟ ಸೀಳು ಎಲ್ಲವೂ ಅಲ್ಲಿವೆ. ಫೋಟೊ ಅಲ್ಲ, ಜಲವರ್ಣ.

ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ ಇಂಥ ಸುಮಾರು 18,000 ಚಿತ್ರಗಳಿವೆ. ಸಂಗ್ರಹದ ಹೆಸರು ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’. ಕೌದಿ, ಆಟಿಕೆ, ಗಾಳಿಯ ದಿಕ್ಕು ತೋರುವ ಕೋಳಿಬೊಂಬೆಗಳ ನಡುವೆ ರೈತರ ಸಲಕರಣೆಗಳಿಗೂ ಜಾಗ ಸಿಕ್ಕಿದೆ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1935ರಿಂದ, ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಟ್ಟು ಬರೆಸಿದ ಚಿತ್ರಗಳಿವು. ಬರಗಾಲದಲ್ಲಿ ಕೆರೆ ತೋಡಿಸುವುದನ್ನು ಕಂಡವರು ನಾವು. ಕುಂಚ ಹಿಡಿಸಿದ್ದು ಅಪರೂಪವೇ. 1942ರ ಹೊತ್ತಿಗೆ, ಯುದ್ಧದ ಗದ್ದಲದಲ್ಲಿ ಕೆಲಸ ನಿಂತಿತು. ಮರುವರ್ಷ ಚಿತ್ರಗಳು ಗ್ಯಾಲರಿ ಸೇರಿದವು.

ಕ್ಯಾಮೆರಾ ಇರಲಿಲ್ಲವೇ? ಇತ್ತು. ಆದರೆ ಬಣ್ಣದ ಫೋಟೊ ಆಗ ದುಬಾರಿ, ಬಣ್ಣವೂ ನೆಚ್ಚುವಂತಿರಲಿಲ್ಲ. ಹೀಗಾಗಿ ಈಜಿಪ್ಟಿನ ಉತ್ಖನನದ ವಸ್ತುಗಳನ್ನು ಚಿತ್ರಿಸಲು ಬಾಸ್ಟನ್ನಿನ ಮ್ಯೂಸಿಯಂನವರು ರೂಢಿಸಿಕೊಂಡಿದ್ದ ಪದ್ಧತಿಯನ್ನೇ ಇಲ್ಲಿಗೂ ತಂದರು. ಮೊದಲು ಪೆನ್ಸಿಲ್ಲಿನ ನಿಖರ ಗೆರೆ. ಆಮೇಲೆ ತೆಳು ಬಣ್ಣ, ಒಣಗಿದ ಮೇಲೆ ಇನ್ನೊಂದು ಪದರ. ಕಬ್ಬಿಣದ ಹೊಳಪಿಗೆ ಬಿಳಿ ಬಳಿಯುವಂತಿಲ್ಲ, ಅಷ್ಟು ಕಾಗದವನ್ನು ಹಾಗೇ ಉಳಿಸಬೇಕು. ಒಂದು ಚಿತ್ರಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಕಲಾವಿದ ತನ್ನ ಶೈಲಿ ಮೆರೆಸುವಂತಿರಲಿಲ್ಲ. ಈ ಕಟ್ಟುಪಾಡು ಕೆಲವರಿಗೆ ಉಸಿರು ಕಟ್ಟಿಸಿರಬೇಕು. ನೇಗಿಲಿಗಂತೂ ಒಳ್ಳೆಯದೇ ಆಯಿತು.

ಈ ಯೋಜನೆಯ ಕನಸು ಕಂಡವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ರೊಮಾನಾ ಜಾವಿಟ್ಸ್ ಮತ್ತು ಜವಳಿ ವಿನ್ಯಾಸಕಿ ರೂತ್ ರೀವ್ಸ್. ರೀವ್ಸ್ 1956ರಲ್ಲಿ ಭಾರತಕ್ಕೆ ಬಂದರು, ಅಖಿಲ ಭಾರತ ಕರಕುಶಲ ಮಂಡಳಿಯೊಂದಿಗೆ ದುಡಿದರು. ಮೇಣದ ಮಾದರಿಯಿಂದ ಲೋಹ ಎರಕ ಹೊಯ್ಯುವ ನಮ್ಮ ಕುಶಲಕರ್ಮಿಗಳ ಬಗ್ಗೆ ಪುಸ್ತಕ ಬರೆದರು, 1966ರಲ್ಲಿ ದೆಹಲಿಯಲ್ಲೇ ತೀರಿಕೊಂಡರು.

ಇಷ್ಟೆಲ್ಲ ಹಿರಿಮೆಯ ನಡುವೆ ದೊಡ್ಡ ಲೋಪವೊಂದಿದೆ. ಅದೇ ನೆಲದ ಮೂಲನಿವಾಸಿಗಳ ವಸ್ತುಗಳನ್ನು ‘ಅದು ಜನಾಂಗಶಾಸ್ತ್ರಜ್ಞರ ಪಾಲು’ ಎಂದು ಹೊರಗಿಟ್ಟರು. ಮೆಕ್ಕೆಜೋಳ ಬೆಳೆಯಲು ವಲಸಿಗರಿಗೆ ಕಲಿಸಿದವರ ಸಲಕರಣೆಗಳೇ ಪಟ್ಟಿಯಲ್ಲಿಲ್ಲ!

ಜಲವರ್ಣಕ್ಕೆ ಬೆಳಕು ಆಗದು, ಹೆಚ್ಚು ದಿನ ಗೋಡೆಗೆ ನೇತುಹಾಕುವಂತಿಲ್ಲ. ಗ್ಯಾಲರಿಯ ಜಾಲತಾಣದಲ್ಲಿ ಬಿಡಿಬಿಡಿಯಾಗಿ ನೋಡಬಹುದು, ಕಾಸಿಲ್ಲದೆ. ಹಿಗ್ಗಿಸಿ ನೋಡಿದರೆ ತುಕ್ಕಿನಲ್ಲೇ ಎಷ್ಟೋ ಬಣ್ಣ ಕಾಣುತ್ತವೆ.