ಕುಬಸಕ್ಕೂ ಮೊದಲೇ ಬೇಕು ಎಚ್ಚರ

“ಸಾಹೇಬ್ರ, ಸೊಸಿಗೆ ಎರಡು ತಿಂಗಳಾತ್ರಿ. ಹತ್ತಿ ಹೊಲದಾಗ ಕಸಾ ತೆಗಿಯಾಕ ಹೋದ್ರ ನಡೀತೈತಲ್ರಿ?” ರೋಣ, ನರಗುಂದ, ಗಜೇಂದ್ರಗಡ ಕಡೆಯ ಅತ್ತೆಯಂದಿರು ಕೇಳಬಹುದಾದ ಪ್ರಶ್ನೆ ಇದು. ಹಗುರವಾದ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಎಣ್ಣೆ ಹೊಡೆದ ಹೊಲ ಮಾತ್ರ ಬೇಡ. ಏಕೆಂದು ನೋಡೋಣ.

ಹಾರ್ಮೋನುಗಳು ಗ್ರಂಥಿಗಳಿಂದ ಹೊರಟು, ರಕ್ತದ ಮೂಲಕ ಅಂಗಾಂಗಗಳಿಗೆ ಆಜ್ಞೆ ತಲುಪಿಸುತ್ತವೆ. ಅವುಗಳ ಪ್ರಮಾಣ ಅತ್ಯಲ್ಪ, ಪರಿಣಾಮ ಬಹಳ. ಗಂಡು ಶಿಶುವಿನ ಜನನಾಂಗಗಳು ರೂಪುಗೊಳ್ಳುವುದು ಟೆಸ್ಟೋಸ್ಟೆರಾನ್ ಹಾರ್ಮೋನಿನಿಂದ. ಮೊದಲ ಮೂರು ತಿಂಗಳು ಶಿಶುವಿನ ಮೆದುಳು ತಾಯಿಯ ಥೈರಾಯಿಡ್ ಹಾರ್ಮೋನನ್ನೇ ನಂಬಿರುತ್ತದೆ. ಕೆಲವು ರಾಸಾಯನಿಕಗಳು ಕಳ್ಳ ಕೀಲಿಕೈಯಂತೆ ಹಾರ್ಮೋನಿನ ಜಾಗದಲ್ಲಿ ಹೊಕ್ಕು ತಪ್ಪು ಆಜ್ಞೆ ಕೊಡುತ್ತವೆ, ಇಲ್ಲವೆ ಸರಿಯಾದ ಆಜ್ಞೆಯನ್ನು ತಡೆಯುತ್ತವೆ.

ಇದು ಬರಿಯ ಊಹೆಯಲ್ಲ. ಗರ್ಭಪಾತ ತಡೆಯಲೆಂದು ಅಮೆರಿಕದಲ್ಲಿ ಗರ್ಭಿಣಿಯರಿಗೆ ಡಿಇಎಸ್ ಎಂಬ ಕೃತಕ ಹಾರ್ಮೋನು ಕೊಡುತ್ತಿದ್ದರು. 1971ರಲ್ಲಿ ಬಾಸ್ಟನ್‌ನ ವೈದ್ಯರು ಯೋನಿಯ ಅಪರೂಪದ ಕ್ಯಾನ್ಸರ್ ಕಂಡ 8 ಯುವತಿಯರ ವಿವರ ಪ್ರಕಟಿಸಿದರು. ಅವರಲ್ಲಿ 7 ಜನರ ತಾಯಂದಿರು ಬಸುರಿನಲ್ಲಿ ಆ ಮಾತ್ರೆ ನುಂಗಿದ್ದರು. ತಾಯಿ ನುಂಗಿದ ಮಾತ್ರೆಯ ಫಲ ಮಗಳು ಪ್ರಾಯಕ್ಕೆ ಬಂದ ಮೇಲೆ ಕಂಡಿತು!

ನಮ್ಮ ನೆರೆಯಲ್ಲೇ ಇನ್ನೊಂದು ಉದಾಹರಣೆಯಿದೆ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆ ಗ್ರಾಮದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮಕ್ಕಳ ಕಾಯಿಲೆಗಳನ್ನು ಗಮನಿಸಿ ಎಚ್ಚರಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ 117 ಗಂಡು ಮಕ್ಕಳನ್ನು ಬೇರೆ ಊರಿನ 90 ಮಕ್ಕಳೊಡನೆ ಹೋಲಿಸಿತು. ಸಿಂಪರಣೆಯ ಊರಿನವರಲ್ಲಿ ಪ್ರಾಯದ ಲಕ್ಷಣಗಳು ತಡವಾಗಿದ್ದವೆಂದು 2003ರಲ್ಲಿ ವರದಿ ಪ್ರಕಟವಾಯಿತು. ಒಂದು ಅಧ್ಯಯನದಿಂದ ಎಲ್ಲವೂ ಸಿದ್ಧವಾಗದು, ಎಚ್ಚರಿಕೆಗಂತೂ ಸಾಕು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಯಿತು. ಆದರೆ ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಬೇರೆ ಔಷಧಗಳಿವೆ. ಅವೆಲ್ಲವೂ ಹಾರ್ಮೋನು ಕೆಡಿಸುತ್ತವೆಂದಲ್ಲ, ವಿಷವಂತೂ ಹೌದು.

ಹಾಗಾದರೆ ಏನು ಮಾಡಬೇಕು?

* ಬಸುರಿಯರು, ಬಸುರಾಗುವ ನಿರೀಕ್ಷೆಯಲ್ಲಿರುವವರು ಔಷಧ ಕಲಸುವುದು, ಹೊಡೆಯುವುದು ಬೇಡ. ಹೊಡೆದ ಹೊಲಕ್ಕೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಲಿಡಬಾರದು.

* ಔಷಧ ಹೊಡೆದು ಬಂದ ಗಂಡಸರು ಸ್ನಾನ ಮಾಡಿಯೇ ಒಳಗೆ ಬರಲಿ. ಆ ಬಟ್ಟೆಯನ್ನು ಬೇರೆಯಾಗಿ ಅವರೇ ಒಗೆಯಲಿ.

* ಖಾಲಿ ಡಬ್ಬಿಯಲ್ಲಿ ನೀರು, ಕಾಳು ತುಂಬಬೇಡಿ. ಔಷಧ ಸವರಿದ ಬಿತ್ತನೆ ಬೀಜವನ್ನು ಅಡುಗೆಗೆ ಬಳಸಬೇಡಿ.

* ಬಿಸಿ ಚಹಾ, ಸಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ತರಬೇಡಿ. ಸ್ಟೀಲ್ ಡಬ್ಬಿ ಒಯ್ಯಿರಿ.

* ಅಯೋಡಿನ್ ಉಪ್ಪನ್ನೇ ಬಳಸಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗಬೇಡಿ.

ಈಗಾಗಲೇ ಹೊಲಕ್ಕೆ ಹೋಗಿ ಬಂದವರು ಗಾಬರಿಯಾಗಬೇಕಿಲ್ಲ. ಒಮ್ಮೆ ಹೋದ ಮಾತ್ರಕ್ಕೆ ಕೂಸಿಗೆ ಕೆಡುಕಾಯಿತೆಂದಲ್ಲ. ವೈದ್ಯರಿಗೆ ತಿಳಿಸಿ, ತಪಾಸಣೆ ತಪ್ಪಿಸಬೇಡಿ.

ನಮ್ಮಲ್ಲಿ ಬಸುರಿಗೆ ಆರೈಕೆ ಹೆಚ್ಚುವುದು ಕುಬಸದ ಹೊತ್ತಿಗೆ. ಅಷ್ಟರಲ್ಲಿ ಕೂಸಿನ ಅಂಗಾಂಗಗಳು ರೂಪುಗೊಂಡಾಗಿರುತ್ತವೆ. ಮುಟ್ಟು ನಿಂತ ದಿನವೇ ಆರೈಕೆಯ ಮೊದಲ ದಿನವೆಂದು ತಿಳಿಯಿರಿ.