ರಾಷ್ಟ್ರಪತಿಗೂ ನಾವೇ ವೋಟು ಹಾಕಿದರೆ?

ಗ್ರಾಮ ಪಂಚಾಯಿತಿ ಸದಸ್ಯರಿಂದ ಹಿಡಿದು ಲೋಕಸಭಾ ಸದಸ್ಯರವರೆಗೆ ಎಲ್ಲರನ್ನೂ ನಾವೇ ಆರಿಸುತ್ತೇವೆ. ದೇಶದ ಪ್ರಥಮ ಪ್ರಜೆಯ ಆಯ್ಕೆಯಲ್ಲಿ ಮಾತ್ರ ನಮಗೆ ವೋಟಿಲ್ಲ. ಈ ವಿಷಯ ಬಂದಾಗಲೆಲ್ಲ ಕೇಳುಗರಲ್ಲಿ ಯಾರಾದರೊಬ್ಬರು ಎದ್ದು, ಇದೆಂಥ ಪ್ರಜಾಪ್ರಭುತ್ವ ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ಈಗಿನ ವ್ಯವಸ್ಥೆ ಇಷ್ಟು: ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು, ರಾಜ್ಯಗಳ ಮತ್ತು ದೆಹಲಿ, ಪುದುಚೇರಿಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಸೇರಿ ರಾಷ್ಟ್ರಪತಿಯನ್ನು ಆರಿಸುತ್ತಾರೆ. ಇದಕ್ಕೆ ಎಲೆಕ್ಟೋರಲ್ ಕಾಲೇಜು ಎಂದು ಹೆಸರು. ನಾಮಕರಣಗೊಂಡವರಿಗೆ ಮತವಿಲ್ಲ, ವಿಧಾನ ಪರಿಷತ್ತಿನವರಿಗೂ ಇಲ್ಲ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನೇರ ಚುನಾವಣೆ ಬಂದರೆ ವೋಟು ಹಾಕುವವರು ಬದಲಾಗುತ್ತಾರೆ, ಹುದ್ದೆ ಇದ್ದಂತೆಯೇ ಇರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹುದ್ದೆ ಹಾಗೆ ಉಳಿಯುವುದು ಕಷ್ಟ. ಊರೂರು ಸುತ್ತಿ, ಭರವಸೆ ಕೊಟ್ಟು, ಕೋಟ್ಯಂತರ ಮತ ಗಳಿಸಿ ಬಂದವರು ಮಂತ್ರಿಮಂಡಲ ಕಳಿಸಿದ ಕಡತಕ್ಕೆ ಸುಮ್ಮನೆ ಸಹಿ ಹಾಕುತ್ತ ಕೂರುತ್ತಾರೆಯೇ? ಪ್ರಧಾನಿ ಗೆದ್ದಿರುವುದು ಒಂದು ಕ್ಷೇತ್ರದಲ್ಲಿ, ನಾನು ಗೆದ್ದಿರುವುದು ಇಡೀ ದೇಶದಲ್ಲಿ ಎಂದು ಅವರಿಗೆ ಅನ್ನಿಸಿದರೆ ತಪ್ಪೆನ್ನಲಾದೀತೇ? ಆ ಭಾವನೆಗೆ ಸಂವಿಧಾನದ ಒಂದಕ್ಷರವೂ ಬದಲಾಗಬೇಕಿಲ್ಲ.

ಇದು ಬರೀ ಊಹೆಯಲ್ಲ. ಚೆಕ್ ಗಣರಾಜ್ಯದಲ್ಲಿ ಅಧ್ಯಕ್ಷರನ್ನು ಮೊದಲು ಸಂಸತ್ತು ಆರಿಸುತ್ತಿತ್ತು. 2013ರಲ್ಲಿ ಮೊದಲ ಬಾರಿ ಜನರೇ ನೇರವಾಗಿ ಮಿಲೋಷ್ ಜೆಮನ್ ಅವರನ್ನು ಆರಿಸಿದರು. ಹುದ್ದೆಯ ಅಧಿಕಾರ ಹೆಚ್ಚುಕಡಿಮೆ ಹಿಂದಿನಷ್ಟೇ ಇತ್ತು. ಅದೇ ವರ್ಷ ಪ್ರಧಾನಿ ರಾಜೀನಾಮೆ ಕೊಟ್ಟಾಗ, ಆಡಳಿತ ಮೈತ್ರಿಕೂಟ ಸೂಚಿಸಿದವರನ್ನು ಬಿಟ್ಟು ತಮಗೆ ಬೇಕಾದ ಯಿರ್ಝಿ ರುಸ್ನೋಕ್ ಅವರನ್ನು ಜೆಮನ್ ಪ್ರಧಾನಿ ಮಾಡಿದರು. ಆ ಸರ್ಕಾರ ಆಗಸ್ಟಿನಲ್ಲಿ ವಿಶ್ವಾಸಮತ ಸೋತಿತು. ಆದರೂ 2014ರ ಜನವರಿಯವರೆಗೆ ಅಧಿಕಾರದಲ್ಲಿ ಉಳಿಯಿತು.

ನಮ್ಮಲ್ಲಿ ಈ ಅಪಾಯ ಇನ್ನೂ ದೊಡ್ಡದಿತ್ತು. 53ನೇ ವಿಧಿ ಕೇಂದ್ರದ ಕಾರ್ಯಾಂಗದ ಅಧಿಕಾರವನ್ನೆಲ್ಲ ರಾಷ್ಟ್ರಪತಿಯ ಹೆಸರಿನಲ್ಲಿ ಇಟ್ಟಿದೆ. ಮಂತ್ರಿಮಂಡಲದ ಸಲಹೆಯಂತೆಯೇ ಅವರು ನಡೆಯಬೇಕೆಂಬ ಖಚಿತ ಮಾತು 74ನೇ ವಿಧಿಗೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ದೇಶ ನಡೆದದ್ದು ಬಹುಮಟ್ಟಿಗೆ ಸಂಪ್ರದಾಯದ ಬಲದ ಮೇಲೆ. 1951ರಲ್ಲಿ, ಹಿಂದೂಗಳ ಕೌಟುಂಬಿಕ ಕಾನೂನನ್ನು ಸುಧಾರಿಸುವ ಹಿಂದೂ ಕೋಡ್ ಬಿಲ್ಲಿನ ವಿಷಯದಲ್ಲಿ ಸ್ವಂತ ವಿವೇಚನೆಯಂತೆ ನಡೆಯುವ ಇಚ್ಛೆಯನ್ನು ಆಗಿನ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಪ್ರಧಾನಿ ನೆಹರೂ ಅವರಿಗೆ ಬರೆದು ತಿಳಿಸಿದರು. ಅಟಾರ್ನಿ ಜನರಲ್ ಸೆತಲ್ವಾಡ್ ಮತ್ತು ಸಂವಿಧಾನ ತಜ್ಞ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಇಬ್ಬರೂ ರಾಷ್ಟ್ರಪತಿಗೆ ಆ ಸ್ವಾತಂತ್ರ್ಯ ಇಲ್ಲವೆಂದರು. ಪ್ರಸಾದರು ಹಿಂದೆ ಸರಿದರು. ಅವರನ್ನು ಆರಿಸಿದ್ದು ಸಂವಿಧಾನ ಸಭೆ. ಇಡೀ ದೇಶವೇ ನೇರವಾಗಿ ಗೆಲ್ಲಿಸಿದ್ದರೆ ಅದೇ ಪತ್ರಕ್ಕೆ ಎಂಥ ಬಲ ಬರುತ್ತಿತ್ತೆಂದು ಯೋಚಿಸಿ ನೋಡಿ!

ಹಾಗಾದರೆ ಐರ್ಲೆಂಡ್? ಒಳ್ಳೆಯ ಪ್ರಶ್ನೆ. ಅಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಾರೆ, ಸರ್ಕಾರವೂ ನೆಮ್ಮದಿಯಾಗಿ ನಡೆಯುತ್ತದೆ. ಅವರ ಸಂವಿಧಾನ ಹಾಕಿರುವ ಕಟ್ಟು ಎಷ್ಟು ಬಿಗಿ ಎಂದರೆ, ಸರ್ಕಾರದ ಒಪ್ಪಿಗೆಯಿಲ್ಲದೆ ಅಧ್ಯಕ್ಷರು ದೇಶ ಬಿಟ್ಟು ಹೊರಗೆ ಹೋಗುವಂತಿಲ್ಲ. ರಾಷ್ಟ್ರವನ್ನುದ್ದೇಶಿಸಿ ಸಂದೇಶ ಕೊಡುವುದಕ್ಕೂ ಸರ್ಕಾರದ ಅನುಮೋದನೆ ಬೇಕು. ನೇರ ಮತ ಕೊಡುವುದಾದರೆ ಮೊದಲು ಇಷ್ಟು ಬಿಗಿಯಬೇಕು. ನಮ್ಮ ಸಂವಿಧಾನ ಹಾಗೆ ಬಿಗಿದಿಲ್ಲ.

ನೇರ ಚುನಾವಣೆಯಲ್ಲಿ ಕಳೆದುಹೋಗುವ ಇನ್ನೊಂದು ಸಂಗತಿಯಿದೆ, ನನಗೆ ತುಂಬ ಪ್ರಿಯವಾದದ್ದು: ಮತಮೌಲ್ಯದ ಲೆಕ್ಕ. ರಾಜ್ಯದ ಜನಸಂಖ್ಯೆಯನ್ನು ಅಲ್ಲಿನ ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಬೇಕು. 1971ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224ರಿಂದ, ಮತ್ತೆ 1,000ದಿಂದ ಭಾಗಿಸಿದರೆ ಹತ್ತಿರದ ಪೂರ್ಣಾಂಕ 131. ನಮ್ಮ ಒಬ್ಬ ಶಾಸಕರ ಮತಕ್ಕೆ ಅಷ್ಟು ತೂಕ. ಉತ್ತರ ಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ 7. ಎಲ್ಲ ಶಾಸಕರ ಒಟ್ಟು ತೂಕ ಎಷ್ಟೋ, ಸಂಸದರೆಲ್ಲರ ಒಟ್ಟು ತೂಕವೂ ಸರಿಸುಮಾರು ಅಷ್ಟೇ ಇರುವಂತೆ ಸಂಸದರ ಮತಮೌಲ್ಯ ನಿಗದಿಯಾಗುತ್ತದೆ. ರಾಷ್ಟ್ರಪತಿ ಕೇಂದ್ರಕ್ಕೆಷ್ಟೋ ರಾಜ್ಯಗಳಿಗೂ ಅಷ್ಟೇ ಸೇರಿದವರು ಎಂಬುದು ಈ ಲೆಕ್ಕದೊಳಗೇ ಇದೆ.

ಇಷ್ಟು ಹಳೆಯ ಜನಗಣತಿ ಯಾಕೆ? ಜನಸಂಖ್ಯೆಯನ್ನು ಹಿಡಿತಕ್ಕೆ ತಂದ ರಾಜ್ಯಗಳು ಅದಕ್ಕಾಗಿ ತೂಕ ಕಳೆದುಕೊಳ್ಳಬಾರದೆಂದು. 1971ರ ಅಂಕಿಗಳಂತೆ ಕೇರಳದ ಶಾಸಕರ ಮತಮೌಲ್ಯ 152, ರಾಜಸ್ಥಾನದ್ದು 129. 2011ರ ಜನಗಣತಿಯನ್ನು ಇಟ್ಟು ಲೆಕ್ಕ ಹಾಕಿದರೆ ಕೇರಳಕ್ಕೆ 239, ರಾಜಸ್ಥಾನಕ್ಕೆ 343 ಬರುತ್ತದೆ, ಕರ್ನಾಟಕಕ್ಕೆ 273. ಒಬ್ಬರಿಗೊಂದು ಮತವೆಂಬ ನೇರ ಚುನಾವಣೆಯಲ್ಲಿ ಈ ರಕ್ಷಣೆ ಅಂದೇ ಇಲ್ಲವಾಗುತ್ತದೆ. ನೇರ ಚುನಾವಣೆ ಬಾರದಿದ್ದರೂ, 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾದಾಗ 1971ರ ಅಂಕಿಗಳನ್ನೇ ಹಿಡಿದಿಟ್ಟಿರುವ ಈ ತಡೆ ತೆರವಾಗಬೇಕಿದೆ. ದಕ್ಷಿಣದ ರಾಜ್ಯಗಳ ಓದುಗರು ಈ ಲೆಕ್ಕವನ್ನು ಈಗಲೇ ಕೈಯಾರೆ ಮಾಡಿ ನೋಡಬೇಕು.

ಜೊತೆಗೆ ಸಂವಿಧಾನ ಸಭೆಯ ನಡಾವಳಿಗಳನ್ನು ದಯವಿಟ್ಟು ಓದಿ. 1947ರ ಜುಲೈನಲ್ಲಿ ನೆಹರೂ, ನಿಜವಾದ ಅಧಿಕಾರವಿಲ್ಲದ ಹುದ್ದೆಗೆ ಇಡೀ ದೇಶದ ಮತ ಕೊಡಿಸುವುದು ಅಸಂಗತವೆಂದು ವಾದಿಸಿದ್ದು ಅಲ್ಲಿದೆ. ಆದರೆ 1948ರ ಡಿಸೆಂಬರಿನಲ್ಲಿ ನೇರ ಚುನಾವಣೆಗಾಗಿ ತಿದ್ದುಪಡಿ ತಂದು ಸೋತ ಕೆ.ಟಿ. ಷಾ ಅವರ ಮಾತುಗಳಿಂದ ಓದು ಶುರುಮಾಡಿ. ಷಾ ಅವರಿಗೆ ಬೇಕಿದ್ದದ್ದು ನಿಜವಾದ ಅಧಿಕಾರವುಳ್ಳ ರಾಷ್ಟ್ರಪತಿ. ನೇರ ಮತವನ್ನು ಅವರು ಕೇಳಿದ್ದು ಅದಕ್ಕಾಗಿ. ಮತಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ನೆಹರೂ ಅವರಷ್ಟೇ ಸ್ಪಷ್ಟವಾಗಿ ಅವರೂ ಕಂಡಿದ್ದರು.